ಮಧ್ಯಯುಗದ ಚರ್ಚಿನ ಗೋರಿಗಳನ್ನು ಅಗೆಯುವ ಬಗೆ: ಅನುಮತಿಯಿಂದ ಮರುಸಮಾಧಿಯವರೆಗೆ

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ, ಹಂಬರ್ ನದಿಯ ದಕ್ಷಿಣ ದಂಡೆಯ ಮೇಲೆ, ಬಾರ್ಟನ್ ಎಂಬ ಊರಿದೆ. ಅಲ್ಲಿನ ಸೇಂಟ್ ಪೀಟರ್ ಚರ್ಚಿನ ಒಳಗೂ ಅಂಗಳದಲ್ಲೂ 1978ರಿಂದ 1984ರವರೆಗೆ ಪುರಾತತ್ವ ಉತ್ಖನನ ನಡೆಯಿತು. 2,700ಕ್ಕೂ ಹೆಚ್ಚು ಜನರ ಅಸ್ಥಿಪಂಜರಗಳು ಹೊರಬಂದವು. 10ನೇ ಶತಮಾನದಿಂದ 19ನೇ ಶತಮಾನದವರೆಗೆ ಆ ಊರಿನಲ್ಲಿ ಬದುಕಿ ಸತ್ತವರು ಅವರು. ಇಂಗ್ಲೆಂಡಿನ ಚರ್ಚುಗಳಲ್ಲಿ ಸಾವು, ಮದುವೆ, ನಾಮಕರಣಗಳನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಶುರುವಾದದ್ದೇ 1538ರಲ್ಲಿ. ಅದಕ್ಕಿಂತ ಹಿಂದಿನ ಸಾಮಾನ್ಯ ಜನರ ಹೆಸರು ಹೆಚ್ಚಾಗಿ ಎಲ್ಲೂ ಇಲ್ಲ. ಅವರು ಏನು ತಿಂದರು, ಯಾವ ಕಾಯಿಲೆಯಿಂದ ನರಳಿದರು, ಹೇಗೆ ಮಣ್ಣಾದರು ಎನ್ನುವುದನ್ನು ಅವರ ಮೂಳೆ ಮತ್ತು ಅದರ ಸುತ್ತಲಿನ ಮಣ್ಣೇ ಹೇಳಬೇಕು.

ಮಣ್ಣು ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹೊಸಬರ ಕಣ್ಣು ಮೂಳೆಯ ಮೇಲಿರುತ್ತದೆ. ಮೂಳೆಯನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ನೋಡಬಹುದು. ಗೋರಿಗುಂಡಿಯ ಅಂಚು, ತುಂಬಿದ ಮಣ್ಣಿನ ಬಣ್ಣ, ಒಂದು ಗುಂಡಿ ಇನ್ನೊಂದನ್ನು ಕತ್ತರಿಸಿದ ಗುರುತು, ಇವನ್ನು ನೋಡಲು ಸಿಗುವುದು ಒಂದೇ ಸಲ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮಣ್ಣಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದು ಇಂಗ್ಲೆಂಡಿನ ಕ್ರಮ. ಪುರಾತತ್ವ ಓದಲು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ, ಸ್ವಯಂಸೇವಕರಾಗಿ ತಂಡ ಸೇರುವವರಿಗೆ ಇದು ನೆರವಾಗಲಿ. ಒಬ್ಬರೇ ಮಾಡುವ ಕೆಲಸ ಇದಲ್ಲ. ಅನುಭವಿ ಮೇಲ್ವಿಚಾರಕರು ಮತ್ತು ಮೂಳೆ ತಜ್ಞರು ಜೊತೆಗಿರಲೇಬೇಕು.

ಮೊದಲ ಹೆಜ್ಜೆ: ಅಗೆಯದೇ ಇರಲು ಸಾಧ್ಯವೇ?

ಸಾಧ್ಯವಾದರೆ ಅಗೆಯಬೇಡಿ. ಸತ್ತವರನ್ನು ಮಲಗಿದಲ್ಲೇ ಬಿಡುವುದು ಅಲ್ಲಿನ ಚರ್ಚಿನ ನಿಲುವೂ ಹೌದು, ಪುರಾತತ್ವದವರ ನಿಲುವೂ ಹೌದು. ಕುತೂಹಲಕ್ಕೆಂದು ಗೋರಿ ತೆಗೆಯುವುದು ಈಗ ತೀರಾ ಕಡಿಮೆ. ಚರ್ಚಿಗೆ ಹೊಸ ಚರಂಡಿ ಬೇಕು, ಶೌಚಾಲಯ ಬೇಕು, ನೆಲದಡಿ ಬಿಸಿ ಪೈಪು ಹಾಕಬೇಕು, ಗೋಡೆಯ ತಳಪಾಯ ಕುಸಿಯುತ್ತಿದೆ. ಹೆಚ್ಚಿನ ಉತ್ಖನನಗಳು ಹುಟ್ಟುವುದು ಇಂಥ ಕಾರಣಗಳಿಂದ. ಪೈಪಿನ ದಾರಿಯನ್ನು ಸ್ವಲ್ಪ ಬದಲಿಸಿದರೆ ಗೋರಿಗಳು ಉಳಿಯುವುದಾದರೆ ಅದನ್ನೇ ಮಾಡಿ.

ಅಗೆಯಲೇಬೇಕಾದರೆ ಕಾಗದ ಪತ್ರ ಮೊದಲು. ಚರ್ಚ್ ಆಫ್ ಇಂಗ್ಲೆಂಡ್ ಪವಿತ್ರಗೊಳಿಸಿದ, ಅದರ ಆಡಳಿತಕ್ಕೆ ಸೇರಿದ ನೆಲವಾದರೆ ಡಯೋಸಿಸ್‌ನ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ನ್ಯಾಯಪೀಠದಿಂದ ಫ್ಯಾಕಲ್ಟಿ ಎಂಬ ಅನುಮತಿ ಬೇಕು. ಬೇರೆ ನೆಲವಾದರೆ ಸಾಮಾನ್ಯವಾಗಿ 1857ರ ಬರಿಯಲ್ ಆ್ಯಕ್ಟ್ ಪ್ರಕಾರ ನ್ಯಾಯ ಸಚಿವಾಲಯದ ಲೈಸೆನ್ಸ್ ಪಡೆಯಬೇಕು. ಜಾಗ ರಕ್ಷಿತ ಸ್ಮಾರಕವಾಗಿದ್ದರೆ ಅದರ ಒಪ್ಪಿಗೆ ಬೇರೆ. ಅನುಮತಿಯ ಷರತ್ತುಗಳನ್ನು ತಂಡದ ಪ್ರತಿಯೊಬ್ಬರೂ ಓದಲಿ. ದಾರಿಹೋಕರಿಗೆ ಕಾಣದಂತೆ ಮರೆ ಕಟ್ಟಬೇಕು, ಅವಶೇಷಗಳನ್ನು ಗೌರವದಿಂದ ನೋಡಿಕೊಳ್ಳಬೇಕು, ಅಧ್ಯಯನ ಮುಗಿದ ಮೇಲೆ ಇಂಥ ಕಡೆ ಇಡಬೇಕು ಅಥವಾ ಮರಳಿ ಹೂಳಬೇಕು ಎಂದೆಲ್ಲ ಅದರಲ್ಲಿರುತ್ತದೆ. ತೀರಾ ಇತ್ತೀಚಿನ ದೇಹವೆಂಬ ಅನುಮಾನ ಬಂದರೆ ಕೆಲಸ ನಿಲ್ಲಿಸಿ ಪೊಲೀಸರಿಗೆ ತಿಳಿಸಬೇಕು.

ತಂಡದ ನಡವಳಿಕೆಯ ಬಗ್ಗೆಯೂ ಮೊದಲ ದಿನವೇ ಮಾತಾಡಿ. ತಲೆಬುರುಡೆ ಹಿಡಿದು ಸೆಲ್ಫಿ ಬೇಡ. ಅಸ್ಥಿಪಂಜರಕ್ಕೆ ಅಡ್ಡಹೆಸರು ಬೇಡ. ಅಲ್ಲಿ ಮಲಗಿರುವವರ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಊರಲ್ಲಿ ಇರಬಹುದು, ಅಲ್ವಾ?

ಚರ್ಚನ್ನು ಓದಿಕೊಳ್ಳಿ

ಅಗೆಯುವ ಮುಂಚೆ ಕಟ್ಟಡವನ್ನು ತಿಳಿದುಕೊಳ್ಳಿ. ಗೋಪುರ ಯಾವ ಕಾಲದ್ದು, ಪಕ್ಕದ ಸಾಲುಕಂಬದ ಭಾಗವನ್ನು ಯಾವಾಗ ಸೇರಿಸಿದರು, ಹಳೆಯ ನಕ್ಷೆಯಲ್ಲಿ ಅಂಗಳದ ಗಡಿ ಎಲ್ಲಿತ್ತು ಎಂದು ನೋಡಿ. ಇದು ಏಕೆಂದರೆ, ಚರ್ಚನ್ನು ದೊಡ್ಡದು ಮಾಡಿದಾಗಲೆಲ್ಲ ಹೊಸ ಗೋಡೆಯ ತಳಪಾಯ ಹಳೆಯ ಗೋರಿಗಳನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಮೊಣಕಾಲಿನ ಕೆಳಗೆ ಮೂಳೆಯೇ ಇಲ್ಲದ ಅಸ್ಥಿಪಂಜರವೊಂದು ತಳಪಾಯದ ಅಂಚಿಗೆ ಬಂದು ನಿಂತರೆ, ಆ ವ್ಯಕ್ತಿ ಆ ಗೋಡೆಗಿಂತ ಹಿಂದಿನವರು ಎಂದು ತಿಳಿಯುತ್ತದೆ. ಕಾಲ ನಿರ್ಣಯಕ್ಕೆ ಇದಕ್ಕಿಂತ ಗಟ್ಟಿಯಾದ ಸುಳಿವು ಅಲ್ಲಿ ಕಡಿಮೆ.

ಮಧ್ಯಯುಗದ ಕ್ರೈಸ್ತ ಸಮಾಧಿಯ ರೀತಿ ಸರಳ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ, ಅಂಗಾತ ಮಲಗಿಸುತ್ತಿದ್ದರು. ಪುನರುತ್ಥಾನದ ದಿನ ಎದ್ದಾಗ ಮುಖ ಪೂರ್ವಕ್ಕಿರಲಿ ಎಂಬ ನಂಬಿಕೆ ಇದರ ಹಿಂದಿದೆ. ಬಹಳ ಜನರನ್ನು ಬರೀ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುತ್ತಿದ್ದರು. ಜೊತೆಗೆ ವಸ್ತುಗಳನ್ನು ಇಡುವುದು ಅಪರೂಪ. ಪಾದ್ರಿಗಳ ಗೋರಿಯಲ್ಲಿ ಸೀಸದ ಅಥವಾ ತವರ ಬೆರೆತ ಲೋಹದ ಪೂಜಾಪಾತ್ರೆ ಮತ್ತು ತಟ್ಟೆ, ಯಾತ್ರಿಕರ ಗೋರಿಯಲ್ಲಿ ಕಡಲಚಿಪ್ಪು ಸಿಗುವುದುಂಟು. 1980ರ ದಶಕದಲ್ಲಿ ವೂಸ್ಟರ್ ಕ್ಯಾಥೆಡ್ರಲ್‌ನಲ್ಲಿ ಬೂಟು, ಊರುಗೋಲು, ಚಿಪ್ಪಿನ ಸಮೇತ ಯಾತ್ರಿಕರೊಬ್ಬರ ಗೋರಿ ಸಿಕ್ಕಿತು. ಕೆಲವು ಕಡೆ ತಲೆಯ ಎರಡೂ ಬದಿಗೆ ದಿಂಬಿನಂತೆ ಕಲ್ಲು ಇಟ್ಟಿರುತ್ತಾರೆ, ಕೆಲವು ಕಡೆ ಇದ್ದಿಲಿನ ಹಾಸು. ನಾರ್ಥಾಂಪ್ಟನ್‌ಶೈರ್‌ನ ರೌಂಡ್ಸ್‌ನಲ್ಲಿ ಹಸುಗೂಸುಗಳ ಗೋರಿಗಳು ಚರ್ಚಿನ ಗೋಡೆಗೆ ಒತ್ತಿಕೊಂಡಂತೆ, ಸೂರಿನ ನೀರು ಬೀಳುವ ಜಾಗದಲ್ಲಿ ಗುಂಪಾಗಿ ಕಂಡವು. ಗೋಡೆಯ ಬುಡದಲ್ಲಿ ಅಗೆಯುವಾಗ ಇದು ನೆನಪಿರಲಿ.

ಹರಹನ್ನು ಪೂರ್ತಿ ತೆರೆಯಿರಿ

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿದ್ದು ಅನೇಕರಿಗೆ ಗೊತ್ತು. ಅವರ ಹೆಸರಿನ ಜೊತೆ ಬರುವುದು ಚೌಕ ಚೌಕವಾಗಿ ಅಗೆದು ನಡುವೆ ಮಣ್ಣಿನ ಗೋಡೆ ಉಳಿಸುವ ಪದ್ಧತಿ. ಪದರ ಪದರವಾದ ನೆಲೆಗೆ ಅದು ಒಳ್ಳೆಯದು. ಆದರೆ ಚರ್ಚಿನ ಅಂಗಳದಲ್ಲಿ ಉಳಿಸಿದ ಮಣ್ಣಿನ ಗೋಡೆ ಒಬ್ಬರ ಎದೆಯ ಮೇಲೆ, ಇನ್ನೊಬ್ಬರ ಮೊಣಕಾಲಿನ ಮೇಲೆ ಕೂರುತ್ತದೆ. ಯಾರೂ ಪೂರ್ತಿಯಾಗಿ ಸಿಗುವುದಿಲ್ಲ. ಯಾರ್ಕ್‌ಶೈರ್‌ನ ವಾರಮ್ ಪರ್ಸಿ ಎಂಬ ಪಾಳುಹಳ್ಳಿಯಲ್ಲಿ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ 1950ರ ದಶಕದಿಂದ 1990ರವರೆಗೆ ಕೆಲಸ ಮಾಡಿದರು. ಇಡೀ ಹರಹನ್ನು ಒಟ್ಟಿಗೆ ತೆರೆಯುವ ಕ್ರಮ ಇಂಗ್ಲೆಂಡಿನಲ್ಲಿ ಬೇರೂರಲು ಆ ನೆಲೆ ದೊಡ್ಡ ಕಾರಣ. ಗೋರಿಗಳಿಗೆ ಇದೇ ಸರಿ.

ಹುಲ್ಲು ಮತ್ತು ಮೇಲ್ಮಣ್ಣನ್ನು ಯಂತ್ರದಿಂದ ತೆಗೆಯಬಹುದು. ಬಕೆಟ್ಟಿಗೆ ಹಲ್ಲಿರಬಾರದು, ಅಂಚು ನಯವಾಗಿರಬೇಕು. ಯಂತ್ರ ಓಡುವಷ್ಟು ಹೊತ್ತೂ ಒಬ್ಬ ಅನುಭವಿ ಪಕ್ಕದಲ್ಲಿ ನಿಂತು ನೋಡುತ್ತಿರಬೇಕು. ಚೆದುರಿದ ಮೂಳೆ ಜಾಸ್ತಿಯಾದ ಕೂಡಲೇ ಯಂತ್ರ ನಿಲ್ಲಿಸಿ, ಕೈಕೆಲಸ ಶುರು ಮಾಡಿ. ಮೇಲಿನ ಮಣ್ಣಿನಲ್ಲಿ ಬಿಡಿ ಮೂಳೆಗಳು ಸಿಗುವುದು ಸಹಜ. ಶತಮಾನಗಳ ಕಾಲ ಅದೇ ನೆಲವನ್ನು ಮತ್ತೆ ಮತ್ತೆ ಅಗೆದಾಗ ಹಳಬರ ಮೂಳೆ ಹೊಸಬರ ಗುಂಡಿಯ ಮಣ್ಣಿಗೆ ಸೇರಿಬಿಟ್ಟಿರುತ್ತದೆ. ಅವನ್ನೂ ಎಸೆಯಬಾರದು. ಸಿಕ್ಕ ಮಣ್ಣಿನ ನಂಬರ್ ಬರೆದು ಬೇರೆ ಚೀಲದಲ್ಲಿ ಇಡಿ.

ಗುಂಡಿಯ ಅಂಚು ಹುಡುಕುವುದು

ಇಡೀ ಕೆಲಸದ ಜೀವ ಇಲ್ಲಿದೆ. ಮೇಲ್ಮೈಯನ್ನು ಚಪ್ಪಟೆ ಸಲಿಕೆಯಿಂದ ತೆಳ್ಳಗೆ ಕೆರೆದು, ಆಮೇಲೆ ಸಣ್ಣ ಕರಣೆಯಿಂದ ಹಿಂದಕ್ಕೆ ಎಳೆಯುತ್ತಾ ಶುಚಿ ಮಾಡಿ. ಕೆರೆದ ಜಾಗವನ್ನು ತುಳಿಯದಂತೆ ಹಿಂದೆ ಸರಿಯುತ್ತಾ ಹೋಗಿ. ಕೆರೆದ ಕೂಡಲೇ ನೋಡಿ. ಹಸಿ ಮಣ್ಣಿನಲ್ಲಿ ಬಣ್ಣದ ವ್ಯತ್ಯಾಸ ಸ್ವಲ್ಪ ಹೊತ್ತು ಮಾತ್ರ ಚೆನ್ನಾಗಿ ಕಾಣುತ್ತದೆ. ಒಣಗಿದರೆ ಎಲ್ಲ ಒಂದೇ ಬೂದು. ಆಗ ಸಣ್ಣ ಹನಿಯ ಸ್ಪ್ರೇಯಿಂದ ನೀರು ಚಿಮುಕಿಸಿ ಮತ್ತೆ ನೋಡಿ. ಬೆಳಗಿನ, ಸಂಜೆಯ ಓರೆ ಬೆಳಕಿನಲ್ಲಿ ನೋಡಿದರೆ ನಡುಮಧ್ಯಾಹ್ನ ಕಾಣದ ಗೆರೆ ಕಾಣುತ್ತದೆ.

ಗುಂಡಿಗೆ ಮರಳಿ ತುಂಬಿದ ಮಣ್ಣು ಸುತ್ತಲಿನದಕ್ಕಿಂತ ಸಡಿಲವಾಗಿರುತ್ತದೆ. ಕರಣೆಯ ತುದಿಗೆ ಅದು ಗೊತ್ತಾಗುತ್ತದೆ, ಸದ್ದಿನಲ್ಲೂ ಗೊತ್ತಾಗುತ್ತದೆ. ಸುಣ್ಣಕಲ್ಲಿನ ನೆಲವಾದರೆ ಬಿಳಿ ನೆಲದಲ್ಲಿ ಕಂದು ಆಯತಗಳಂತೆ ಗುಂಡಿಗಳು ಎದ್ದು ಕಾಣುತ್ತವೆ. ನೂರಾರು ವರ್ಷ ಕಲಸಿಹೋದ ಕಪ್ಪು ಮಣ್ಣಿನಲ್ಲಿ ಅಂಚು ಸಿಗದೇ ಹೋಗಬಹುದು. ಆಗ ಊಹಿಸಿ ಗೆರೆ ಎಳೆಯಬೇಡಿ. ಅಂಚು ಕಾಣಲಿಲ್ಲ ಎಂದೇ ಬರೆಯಿರಿ. ಇಲ್ಲದ ಅಂಚನ್ನು ಬರೆದರೆ ಮುಂದಿನ ಓದೆಲ್ಲ ತಪ್ಪುತ್ತದೆ.

ಎರಡು ಗುಂಡಿಗಳು ಒಂದನ್ನೊಂದು ದಾಟಿದಾಗ ಯಾವುದರ ಅಂಚು ಮುರಿಯದೆ ಪೂರ್ತಿ ಕಾಣುತ್ತದೋ ಅದು ಆಮೇಲಿನದು. ಕೊನೆಗೆ ಬಂದವರನ್ನು ಮೊದಲು ತೆಗೆಯಬೇಕು. ಈ ಕ್ರಮ ತಪ್ಪಿದರೆ ಒಬ್ಬರ ಕಾಲು ಇನ್ನೊಬ್ಬರ ಚೀಲಕ್ಕೆ ಹೋಗುತ್ತದೆ.

ಇಲ್ಲಿಯೇ ನಂಬರ್ ಕೊಡುವ ಕೆಲಸವೂ ಶುರು. ಗೋರಿಗೆ ಒಂದೇ ನಂಬರ್ ಸಾಲದು. ಅಗೆದ ಗುಂಡಿಗೆ ಒಂದು, ಶವಪೆಟ್ಟಿಗೆಗೆ ಒಂದು, ಅಸ್ಥಿಪಂಜರಕ್ಕೆ ಒಂದು, ತುಂಬಿದ ಮಣ್ಣಿಗೆ ಒಂದು. ಏಕೆಂದರೆ ಇವು ನಾಲ್ಕು ಬೇರೆ ಬೇರೆ ಘಟನೆಗಳು. ಯಾವುದು ಯಾವುದರ ಮೇಲೆ ಎಂಬುದನ್ನು ಅಂದಂದೇ ಹ್ಯಾರಿಸ್ ಮ್ಯಾಟ್ರಿಕ್ಸ್‌ನಲ್ಲಿ ಗೆರೆ ಎಳೆದು ಜೋಡಿಸಿ. ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದ ಈ ಪಟ್ಟಿ ವಂಶವೃಕ್ಷದಂತೆ ಕಾಣುತ್ತದೆ, ಮೇಲೆ ಹೊಸದು, ಕೆಳಗೆ ಹಳೆಯದು. ನಾಳೆ ಬರೆಯೋಣ ಎಂದು ಬಿಟ್ಟರೆ ನಾಳೆ ಆ ಮಣ್ಣೇ ಇರುವುದಿಲ್ಲ.

ಮೂಳೆ ಬಿಡಿಸುವುದು

ಗುಂಡಿಯ ಮಣ್ಣನ್ನು ಅಂಚಿನೊಳಗೇ ಮೇಲಿನಿಂದ ಕೆಳಕ್ಕೆ ಸಮವಾಗಿ ಇಳಿಸಿ. ತಲೆಬುರುಡೆ ಮತ್ತು ಪಾದಗಳು ಸಾಮಾನ್ಯವಾಗಿ ಉಳಿದ ಮೂಳೆಗಳಿಗಿಂತ ಮೇಲಿರುತ್ತವೆ. ಆದ್ದರಿಂದ ಪಶ್ಚಿಮ ತುದಿಯಲ್ಲಿ ನಿಧಾನ, ಪೂರ್ವ ತುದಿಯಲ್ಲಿ ಇನ್ನೂ ನಿಧಾನ. ಕಾಲುಬೆರಳಿನ ಮೂಳೆಗಳು ಕಲ್ಲುಹರಳಿನಷ್ಟು ಚಿಕ್ಕವು, ಒಂದೇ ಎಳೆತಕ್ಕೆ ಹೋಗಿಬಿಡುತ್ತವೆ.

ಮೂಳೆ ಕಂಡ ಮೇಲೆ ಲೋಹದ ಕರಣೆ ಬದಿಗಿಡಿ. ಬಿದಿರು ಕಡ್ಡಿ, ಮರದ ಚಪ್ಪಟೆ ಕಡ್ಡಿ, ಪ್ಲಾಸ್ಟಿಕ್ ಚಮಚ, ಮೆತ್ತನೆಯ ಬ್ರಷ್ ಸಾಕು. ಒದ್ದೆ ಮಣ್ಣಿನಲ್ಲಿ ಬ್ರಷ್ ಉಜ್ಜಿದರೆ ಕೆಸರು ಬಳಿದಂತಾಗುತ್ತದೆ, ಕಡ್ಡಿಯೇ ವಾಸಿ. ಮೂಳೆಯ ಅಡಿಯ ಮಣ್ಣು ಕೊರೆಯಬೇಡಿ, ಆಧಾರ ತಪ್ಪಿದ ಮೂಳೆ ಜಾರುತ್ತದೆ. ಮಂಡಿಯೂರಲು ಗುಂಡಿಯ ಮೇಲೆ ಅಡ್ಡ ಹಲಗೆ ಹಾಕಿಕೊಳ್ಳಿ. ಬಿಸಿಲಿದ್ದರೆ ನೆರಳು ಕಟ್ಟಿ, ಊಟಕ್ಕೆ ಹೋಗುವಾಗ ಒದ್ದೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ. ಬೇಗ ಒಣಗಿದ ಮೂಳೆ ಸೀಳುತ್ತದೆ. ಗುಂಡಿ ಆಳವಾಗುತ್ತಾ ಹೋದರೆ ಬದಿ ಕುಸಿಯದಂತೆ ಆಸರೆ ಬೇಕೇಬೇಕು. ಸೀಸದ ಶವಪೆಟ್ಟಿಗೆ ಎದುರಾದರೆ ಮುಟ್ಟಬೇಡಿ, ಮೇಲ್ವಿಚಾರಕರನ್ನು ಕರೆಯಿರಿ.

ಪೂರ್ತಿ ಬಿಡಿಸಿದ ಮೇಲೆ ಸುಮ್ನೆ ಕೂತು ನೋಡಿ. ದೇಹ ಹೇಗೆ ಮಣ್ಣಾಯಿತು ಎಂಬ ಕಥೆ ಆ ಭಂಗಿಯಲ್ಲಿದೆ. ಭುಜಗಳು ಮೇಲಕ್ಕೆ ಒತ್ತಿಕೊಂಡು, ತೋಳುಗಳು ಮೈಗೆ ಅಂಟಿಕೊಂಡು, ಎರಡೂ ಪಾದ ಜೋಡಿಸಿದಂತಿದ್ದರೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರು ಎನ್ನಬಹುದು. ಸೊಂಟದ ಮೂಳೆಗಳು ಎರಡು ಕಡೆಗೆ ಬಿಚ್ಚಿಕೊಂಡು, ಮಂಡಿಚಿಪ್ಪು ಜಾರಿ, ದವಡೆ ಎದೆಗೆ ಉರುಳಿದ್ದರೆ ದೇಹದ ಸುತ್ತ ಖಾಲಿ ಜಾಗವಿತ್ತು. ಅಂದರೆ ಮರದ ಪೆಟ್ಟಿಗೆ ಇದ್ದಿರಬೇಕು, ಮರ ಕರಗಿ ಹೋಗಿದ್ದರೂ ಸರಿ. ಆಯತಾಕಾರದ ಕಪ್ಪು ಗೆರೆ, ಸಾಲಾಗಿ ಬಿದ್ದ ಮೊಳೆಗಳು ಇದನ್ನು ಗಟ್ಟಿ ಮಾಡುತ್ತವೆ. ಮೊಳೆಗಳನ್ನು ಕೀಳುವ ಮುಂಚೆ ಪ್ರತಿಯೊಂದರ ಜಾಗ ಮತ್ತು ಎತ್ತರ ಅಳೆಯಿರಿ. ತಲೆಬುರುಡೆಯ ಮೇಲೆ ಹಸಿರು ಕಲೆ ಕಂಡರೆ ಅಲ್ಲೆಲ್ಲೋ ತಾಮ್ರದ ಸಣ್ಣ ಪಿನ್ನು ಇತ್ತು, ಹೆಣಕ್ಕೆ ಸುತ್ತಿದ ಬಟ್ಟೆಗೆ ಚುಚ್ಚಿದ್ದು. ಬಾರ್ಟನ್‌ನಲ್ಲಿ ನೆಲದ ಕೆಲವು ಭಾಗ ನೀರು ನಿಂತು ಗಾಳಿಯಾಡದೆ ಇದ್ದುದರಿಂದ ಆಂಗ್ಲೋ ಸ್ಯಾಕ್ಸನ್ ಕಾಲದ (1066ಕ್ಕಿಂತ ಹಿಂದಿನ) ಮರದ ಪೆಟ್ಟಿಗೆಗಳೇ ಉಳಿದಿದ್ದವು. ಕೆಲವು ಗೋರಿಗಳಲ್ಲಿ ಹೇಜಲ್ ಮರದ ಕೋಲುಗಳೂ ಇದ್ದವು. ಒದ್ದೆ ನೆಲದಲ್ಲಿ ಕಡ್ಡಿಯಂಥದ್ದು ಕಂಡರೆ ಬೇರು ಎಂದು ಎಸೆಯುವ ಮುಂಚೆ ಮತ್ತೊಮ್ಮೆ ನೋಡಿ.

ದಾಖಲೆ, ಮಾದರಿ

ಎತ್ತುವ ಮುಂಚೆ ಮಾಡಬೇಕಾದವು: ಅಳತೆಪಟ್ಟಿ, ಉತ್ತರದ ಬಾಣ, ನಂಬರ್ ಫಲಕ ಇಟ್ಟು ನೇರ ಮೇಲಿನಿಂದ ಫೋಟೊ. ಸುತ್ತಲೂ ಒಂದರ ಮೇಲೊಂದು ಬೀಳುವಂತೆ ಹಲವು ಫೋಟೊ ತೆಗೆದರೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟಬಹುದು. ತಲೆ, ಸೊಂಟ, ಪಾದ ಈ ಮೂರು ಕಡೆ ಎತ್ತರದ ಅಳತೆ. ಅಸ್ಥಿಪಂಜರದ ಹಾಳೆಯಲ್ಲಿ ಇರುವ ಮೂಳೆಗೆ ಬಣ್ಣ ತುಂಬಿ, ಕೈಗಳ ಭಂಗಿ, ತಲೆ ತಿರುಗಿದ ದಿಕ್ಕು ಬರೆಯಿರಿ. ಮೊಬೈಲ್ ಫೋಟೊ ಇದೆಯಲ್ಲ ಎಂದು ಹಾಳೆ ಬಿಡುವವರಿದ್ದಾರೆ. ಬರೆಯುವಾಗ ಕಣ್ಣು ಕಾಣುವುದನ್ನು ಕ್ಯಾಮೆರಾ ಕಾಣುವುದಿಲ್ಲ.

ಮಣ್ಣಿನ ಮಾದರಿಗೆ ಸೊಂಟದ ಭಾಗ ಮುಖ್ಯ. ಹೊಟ್ಟೆ ಇದ್ದ ಜಾಗದ ಮಣ್ಣಿನಲ್ಲಿ ಕರುಳಿನ ಹುಳುಗಳ ಮೊಟ್ಟೆ ಉಳಿದಿರುತ್ತದೆ. ಆದರೆ ಆ ಮೊಟ್ಟೆ ಸುತ್ತಲಿನ ಮಣ್ಣಿನಿಂದಲೂ ಬಂದಿರಬಹುದು. ಅದಕ್ಕೆ ತಲೆಯ ಬಳಿಯ ಮತ್ತು ಪಾದದ ಬಳಿಯ ಮಣ್ಣನ್ನೂ ಹೋಲಿಕೆಗೆ ತೆಗೆದಿಡಿ. ಹೊಟ್ಟೆಯ ಭಾಗದಲ್ಲಿ ಗುಂಡಗಿನ ಹರಳು ಸಿಕ್ಕರೆ ಅದು ಮೂತ್ರಕೋಶದ ಕಲ್ಲೋ ಪಿತ್ತದ ಕಲ್ಲೋ ಇರಬಹುದು. ಮಹಿಳೆಯ ಅಸ್ಥಿಪಂಜರವಾದರೆ ಅಲ್ಲಿ ಭ್ರೂಣದ ಮೂಳೆ ಇರುವ ಸಾಧ್ಯತೆ ಇದೆ. ಈ ಭಾಗದ ಮಣ್ಣನ್ನು ಪೂರ್ತಿ ಜರಡಿ ಹಿಡಿಯಲೇಬೇಕು.

ಡಿಎನ್‌ಎಗೆ ಹಲ್ಲು ಮತ್ತು ಕಿವಿಯ ಒಳಭಾಗದ ಗಟ್ಟಿ ಮೂಳೆ ಒಳ್ಳೆಯವು. ಹೊಸ ಕೈಗವಸು, ಮುಖಗವಸು ಹಾಕಿ ತೆಗೆಯಿರಿ, ತೊಳೆಯಬೇಡಿ. ಅಗೆದವರ ಡಿಎನ್‌ಎ ಬೆರೆತರೆ ಶ್ರಮವೆಲ್ಲ ಹಾಳು. ಇದರ ಬೆಲೆ ತಿಳಿಯಲು ನಮ್ಮ ಪಕ್ಕದ ಗೋವಾ ನೋಡಿದರೆ ಸಾಕು. ಕಾಲ ಮಧ್ಯಯುಗದ್ದಲ್ಲ, ಕೆಲಸ ಮಾತ್ರ ಇದೇ. 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಕೊಲ್ಲಲ್ಪಟ್ಟ ಜಾರ್ಜಿಯಾದ ರಾಣಿ ಕೆಟೆವಾನ್ ಅವರ ಅಸ್ಥಿಯನ್ನು ಪಾದ್ರಿಗಳು ಹಳೆ ಗೋವಾದ ಸೇಂಟ್ ಅಗಸ್ಟೀನ್ ಚರ್ಚಿಗೆ ತಂದಿದ್ದರು. ಹಳೆಯ ಬರಹಗಳ ಸುಳಿವು ಹಿಡಿದು ಭಾರತೀಯ ಪುರಾತತ್ವ ಇಲಾಖೆ ಅದನ್ನು ಹುಡುಕಿತು. ಹೈದರಾಬಾದಿನ ಜೀವಕೋಶ ಮತ್ತು ಅಣು ಜೀವಶಾಸ್ತ್ರ ಸಂಶೋಧನಾ ಕೇಂದ್ರ (ಸಿಸಿಎಂಬಿ) ಡಿಎನ್‌ಎ ಪರೀಕ್ಷೆ ಮಾಡಿ, ಅದು ಅವರದ್ದೇ ಇರಬಹುದೆಂಬುದಕ್ಕೆ ಬಲ ಕೊಟ್ಟಿತು. 2021ರಲ್ಲಿ ಭಾರತ ಆ ಅಸ್ಥಿಯನ್ನು ಜಾರ್ಜಿಯಾಕ್ಕೆ ಒಪ್ಪಿಸಿತು.

ಎತ್ತುವುದು

ಇಷ್ಟೆಲ್ಲ ಮುಗಿದ ಮೇಲೆಯೇ ಮೂಳೆ ಎತ್ತಬೇಕು, ಅದೂ ಬಿಡಿಸಿದ ದಿನವೇ ಆದರೆ ಒಳ್ಳೆಯದು. ಎಡಗೈ, ಬಲಗೈ, ಎಡಪಾದ, ಬಲಪಾದ, ಎಡ ಪಕ್ಕೆಲುಬು, ಬಲ ಪಕ್ಕೆಲುಬು, ಬೆನ್ನುಮೂಳೆ, ದವಡೆ, ತಲೆಬುರುಡೆ, ಹೀಗೆ ಬೇರೆ ಬೇರೆ ಚೀಲ. ಬೆರಳಿನ ಮೂಳೆ ಎಡವೋ ಬಲವೋ ಎಂದು ಆಮೇಲೆ ಹೇಳುವುದು ತಜ್ಞರಿಗೂ ಕಷ್ಟ. ಗುಂಡಿಯಲ್ಲಿದ್ದಾಗ ಮಾತ್ರ ಅದು ಸುಲಭ. ನೀರಿಗೆ ಹಾಳಾಗದ ಚೀಟಿ ಒಳಗೊಂದು, ಚೀಲದ ಮೇಲೆ ಬರಹ ಒಂದು. ತಲೆಬುರುಡೆಯನ್ನು ಎರಡೂ ಕೈಯಲ್ಲಿ ಅಡಿಯಿಂದ ಎತ್ತಿ, ಒಳಗಿನ ಮಣ್ಣು ಹಾಗೇ ಇರಲಿ. ಕಣ್ಣಿನ ಗೂಡಿಗೆ ಬೆರಳು ಹಾಕಿ ಎತ್ತಲೇಬಾರದು. ಒಣಗದ ಮೂಳೆಯನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಬೂಷ್ಟು ಹಿಡಿಯುತ್ತದೆ. ಚೀಲಕ್ಕೆ ತೂತು ಮಾಡಿ.

ಮಕ್ಕಳ ಗೋರಿಗೆ ಬೇರೆಯೇ ತಾಳ್ಮೆ ಬೇಕು. ಹಸುಗೂಸಿನ ತಲೆಬುರುಡೆ ಮೊಟ್ಟೆಸಿಪ್ಪೆಯಷ್ಟು ತೆಳು, ಮೂಳೆಗಳ ತುದಿಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಹಲ್ಲಿನ ಮೊಳಕೆಗಳು ಬಿಳಿ ಹರಳಿನಂತೆ ಕಾಣುತ್ತವೆ. ಸುತ್ತಲಿನ ಮಣ್ಣನ್ನೆಲ್ಲ ತುಂಬಿಕೊಂಡು ಹೋಗಿ ತೆಳು ಜರಡಿಯಲ್ಲಿ ನೀರು ಹಾಯಿಸಿ ಹುಡುಕಿ. ಮಗುವಿನ ಗೋರಿಯನ್ನು ಹೊಸಬರಿಗೆ ಒಬ್ಬರೇ ಕೊಡಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ತೊಳೆದ ಮೇಲೆ

ಒಂದು ಸಲಕ್ಕೆ ಒಬ್ಬರ ಅಸ್ಥಿ ಮಾತ್ರ ತೊಳೆಯಿರಿ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಕೆಳಗೆ ಜರಡಿ. ಹಲ್ಲಿಗೆ ಅಂಟಿದ ಪಾಚಿಯಂಥ ಗಟ್ಟಿ ಪದರವನ್ನು ಉಜ್ಜಬೇಡಿ, ಆಹಾರದ ಕಣ ಮತ್ತು ಬಾಯಿಯ ಬ್ಯಾಕ್ಟೀರಿಯಾದ ಡಿಎನ್‌ಎ ಅದರಲ್ಲಿರುತ್ತದೆ. ನೆರಳಲ್ಲಿ ನಿಧಾನವಾಗಿ ಒಣಗಿಸಿ.

ಕಾಲ ತಿಳಿಯಲು ಗೋರಿಯಲ್ಲಿ ವಸ್ತುಗಳಿಲ್ಲದ ಕಾರಣ ರೇಡಿಯೊಕಾರ್ಬನ್ ಪರೀಕ್ಷೆ ಬೇಕಾಗುತ್ತದೆ. ಕಡಲಮೀನು ಜಾಸ್ತಿ ತಿಂದವರ ಮೂಳೆ ನಿಜಕ್ಕಿಂತ ಹಳೆಯದಾಗಿ ತೋರುತ್ತದೆ. ಮೂಳೆಯಲ್ಲಿರುವ ಕಾರ್ಬನ್, ನೈಟ್ರೋಜನ್ ಐಸೊಟೋಪುಗಳಿಂದ (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ರೂಪಗಳು) ಊಟದ ರೀತಿ ತಿಳಿದು ಅದನ್ನು ಸರಿಪಡಿಸುತ್ತಾರೆ. ಯಾರ ಗುಂಡಿ ಯಾರದ್ದನ್ನು ಕತ್ತರಿಸಿತು ಎಂದು ನೀವು ಬರೆದಿಟ್ಟ ಕ್ರಮವನ್ನು ಇದಕ್ಕೆ ಸೇರಿಸಿದರೆ ಶತಮಾನಗಳ ಅಂದಾಜು ಕೆಲವು ದಶಕಗಳಿಗೆ ಇಳಿಯಬಹುದು. ಆ ಅಂಚಿಗಾಗಿ ಪಟ್ಟ ಪಾಡು ಇಲ್ಲಿ ಫಲ ಕೊಡುತ್ತದೆ.

ವಾರಮ್ ಪರ್ಸಿಯ ಚರ್ಚಿನ ಬಳಿ ಸಿಕ್ಕ 687 ಅಸ್ಥಿಪಂಜರಗಳಿಂದ ಎಷ್ಟು ತಿಳಿದುಬಂತು ನೋಡಿ. ಪುಟ್ಟ ಮಕ್ಕಳ ಮೂಳೆಯ ನೈಟ್ರೋಜನ್ ಅಳೆದು, ತಾಯಂದಿರು ಸುಮಾರು ಒಂದೂವರೆ ವರ್ಷದವರೆಗೆ ಮೊಲೆಹಾಲು ಕೊಡುತ್ತಿದ್ದರು ಎಂದು ಕಂಡುಕೊಂಡರು. ಆ ಮಕ್ಕಳು ಇಂದಿನ ಮಕ್ಕಳಿಗಿಂತ ಕುಳ್ಳಗಿದ್ದರು. ಒಬ್ಬ ವ್ಯಕ್ತಿಯ ತಲೆಬುರುಡೆಗೆ ಪೆಟ್ಟು ಬಿದ್ದಾಗ ಮೂಳೆ ಕೆರೆದು ಚಿಕಿತ್ಸೆ ಮಾಡಿದ್ದರು, ಆತ ಬದುಕಿ ಉಳಿದಿದ್ದ. ಹಳ್ಳಿಯ ರೈತಾಪಿ ಜನರಿಗೆ ಅಂಥ ಕುಶಲ ಚಿಕಿತ್ಸೆ ಸಿಗುತ್ತಿತ್ತು ಎಂದು ಯಾವ ಹಳೆಯ ಬರಹವೂ ಹೇಳಿರಲಿಲ್ಲ.

ಮರಳಿ ಒಪ್ಪಿಸುವುದು

ಅನುಮತಿಯಲ್ಲಿ ಬರೆದ ಗಡುವಿನೊಳಗೆ ಅಧ್ಯಯನ ಮುಗಿಸಿ. ಗಡುವು ಸಾಲದಿದ್ದರೆ ಮೀರುವ ಮುಂಚೆಯೇ ವಿಸ್ತರಣೆ ಕೇಳಿ. ಹೆಚ್ಚಿನ ಅವಶೇಷಗಳನ್ನು ಅದೇ ಅಂಗಳದಲ್ಲಿ ಪ್ರಾರ್ಥನೆಯೊಂದಿಗೆ ಮತ್ತೆ ಹೂಳುತ್ತಾರೆ. ಬಾರ್ಟನ್‌ನಲ್ಲಿ ಬೇರೆ ದಾರಿ ಹುಡುಕಿದರು. ಅಲ್ಲಿನವರ ಅಸ್ಥಿಗಳನ್ನು ಚರ್ಚಿನೊಳಗೇ, ಹಿಂದೆ ಆರ್ಗನ್ ವಾದ್ಯ ಇದ್ದ ಕೋಣೆಯಲ್ಲಿ ಅಸ್ಥಿಗೃಹ ಮಾಡಿ ಇಟ್ಟಿದ್ದಾರೆ. ಪವಿತ್ರ ನೆಲವನ್ನು ಬಿಟ್ಟು ಹೋದಂತೆಯೂ ಆಗಲಿಲ್ಲ, ಮುಂದೆ ಹೊಸ ಪ್ರಶ್ನೆ ಹೊತ್ತು ಬರುವ ಸಂಶೋಧಕರಿಗೆ ಬಾಗಿಲು ಮುಚ್ಚಲೂ ಇಲ್ಲ. ಜಾಗ ಇರುವ ಚರ್ಚುಗಳಿಗೆ ಇದೇ ಒಳ್ಳೆಯ ಮಾದರಿ ಎಂದು ನನಗನ್ನಿಸುತ್ತದೆ.

ಹೂಳುವುದಾದರೆ ಒಬ್ಬೊಬ್ಬರನ್ನೂ ಬೇರೆ ಬೇರೆ ಇಡಿ, ಜೊತೆಗೆ ಕರಗದ ವಸ್ತುವಿನಲ್ಲಿ ನಂಬರ್ ಬರೆದಿಡಿ. ಎಲ್ಲಿ, ಎಷ್ಟು ಆಳದಲ್ಲಿ ಎಂಬ ನಕ್ಷೆಯ ಒಂದು ಪ್ರತಿ ಚರ್ಚಿಗೆ, ಇನ್ನೊಂದು ಪ್ರತಿ, ದಾಖಲೆಯ ಹಾಳೆಗಳನ್ನೂ ಫೋಟೊಗಳನ್ನೂ ಇಟ್ಟ ಮ್ಯೂಸಿಯಮ್ಮಿಗೆ. ಚರಂಡಿಗೆಂದು ಅಲ್ಲಿ ಮತ್ತೆ ಅಗೆಯುವವರು ಮೊದಲು ಕೇಳುವುದು ಆ ನಕ್ಷೆಯನ್ನೇ.